ಆತ

ಫ್ಯಾನಿನ ಗಾಳಿಗೆ ಟವೆಲಿನ ಕೆಂಪು ಅಂಚು ಎದ್ದು ಬೀಳುತ್ತಿದೆ, ಪಕ್ಕದ ಕುರ್ಚಿಯ ಮೇಲೆ ಆತನೇ ಹಾಸಿ ಹೋದದ್ದು, ಬಸ್ಸಿನಲ್ಲಿ ಸೀಟು ಹಿಡಿದಂತೆ — ಯಾರರ ಬಂದ್ರ ಜಾಗಾ ಹಿಡದೈತಿ ಅನ್ನು, ಚಾ ಕುಡದು ಬಂದೆ, ಅಂಜಬ್ಯಾಡ, ನಾ ಇಲ್ಲೇನು — ಸೀತವ್ವ ಎದೆಯ ಗಂಟಿನ ಮೇಲೆ ಕೈಯಿಟ್ಟು ಕೂತಿದ್ದಾಳೆ, ಮಿರಜದ ಆಸ್ಪತ್ರೆಯ ಫಿನೈಲ್ ವಾಸನೆ, ಎದುರಿಗೆ ಆಪರೇಷನ್ ಕೋಣೆಯ ಬಾಗಿಲು, ಮುಂದಿನ ಸರದಿ ಅವಳದೇ, ಚಾ ಕುಡಿಯಲು ಇಷ್ಟು ಹೊತ್ತೆ ಎಂದು ಫೋನು ಹಚ್ಚಿದರೆ, ಇಲ್ಲೇ ಗೇಟಿನಾಗ ಅದೇನಿ, ಬಂದೆ, ಎಂದ, ಆ ಮಾತಿನ ಹಿಂದೆಯೇ ಕಂಡಕ್ಟರ್ ಕೂಗುತ್ತಿದ್ದ, ಜತ್ತ, ವಿಜಾಪುರ, ಜತ್ತ, ವಿಜಾಪುರ — ಆಮೇಲೆ ಫೋನು ಬಂದ್. ಅಂಜಿಕೆ ಆತನಿಗೂ ಇರಬಹುದು, ಇರಲಿ, ಸುಳ್ಳು ಯಾಕೆ, ಹೋಗ್ತೇನಿ ಅಂದಿದ್ದರೆ ತಾನೇ ಬುತ್ತಿ ಕಟ್ಟಿ ಕಳಿಸುತ್ತಿರಲಿಲ್ಲವೇ. ಆ ವರ್ಷ ಇಲ್ಲೇ ಹತ್ತಿರದ ಹರಿಪುರದಲ್ಲಿ ಹೊಳೆ ಹೊಸ್ತಿಲಿಗೆ ಬಂದಾಗಲೂ ಹೀಗೇ ಅಂಜಿದ್ದಳು, ವಿಜಾಪುರದ ಕಡೆಯಿಂದ ದುಡಿಯಲು ಬಂದ ಹೊಸದು, ಗುಡಿಯ ಕಟ್ಟೆಯ ಮೇಲೆ ಪಾಂಡುರಂಗ ಕಾಕಾ ಮರಾಠಿ ಪೋಥಿ ಓದುತ್ತಿದ್ದರು, ದೇವ ಆತ ಆಹೇ, ಮರಾಠಿ ಬಾರದ ಅವಳಿಗೆ ತಿಳಿದದ್ದು ದೇವರೆಂದರೆ ಆತ, ಹೆಸರು ಹಿಡಿದು ಕರೆಯಬಾರದ ಆತ, ತನ್ನ ಗಂಡ, ಅಷ್ಟಕ್ಕೇ ಅಂಜಿಕೆ ಇಳಿದಿತ್ತು. ಅದನ್ನು ಹೇಳಿದಾಗ ಕಾಕಾ ನಕ್ಕು ನಕ್ಕು, ಅಯ್ಯ ಹುಚ್ಚಿ, ಮರಾಠ್ಯಾಗ ಆತ ಅಂದ್ರ ಒಳಗ, ದೇವರು ಒಳಗ ಅದಾನ ಅಂತ, ನಿನ್ನ ಜಟ್ಟೆಪ್ಪ ಅಲ್ಲ, ಆಮೇಲೆ ನಗು ನಿಲ್ಲಿಸಿ, ಎರಡೂ ಖರೇ ಇರಬಹುದು ನೋಡು, ಒಳಗಿರಾಂವನ ಆತ, ಎಂದಿದ್ದರು. ಅವಳಿಗೆ ಹಿಡಿಸಿದ್ದು ತನ್ನ ಅರ್ಥವೇ, ಇಷ್ಟು ವರ್ಷ ಅದನ್ನೇ ಸೆರಗಿಗೆ ಗಂಟು ಹಾಕಿಕೊಂಡಿದ್ದಳು. ಬಾಗಿಲು ಅರ್ಧ ತೆರೆಯಿತು, ಸೀತಾಬಾಯಿ, ಆತ ಯಾ, ಎಂದಳು ನರ್ಸು, ಒಳಗೆ ಬಾ ಎಂದದ್ದು, ಕಲಿತ ಮರಾಠಿಯೆಲ್ಲ ಮರೆತು ಕುತ್ತಿಗೆ ಹಿಂದಕ್ಕೆ ತಿರುಗಿತು, ಆತ ಬಂದನೇನೋ — ಟವೆಲು. ನವರಾ ಕುಠೆ, ಗಂಡ ಎಲ್ಲಿ, ಆತ ಎಂದೇ ನಾಲಿಗೆಗೆ ಬರಬೇಕಿತ್ತು, ಬರಲಿಲ್ಲ, ಜಟ್ಟೆಪ್ಪ ಓಡಿ ಹೋಗ್ಯಾನ್ರಿ, ಎಂದಳು, ಹೆಸರು ಹಿಡಿದದ್ದು ಮದುವೆಯಾದಾಗಿನಿಂದ ಮೊದಲ ಸಲ, ಅನ್ನದಲ್ಲಿ ಹಲ್ಲಿಗೆ ಸಿಕ್ಕ ಕಲ್ಲನ್ನು ಉಗುಳಿದ ಹಾಗೆ, ಉಗುಳಿದ ಮೇಲೆ ಆತ ಎಂಬ ಮಾತು ಖಾಲಿಯಾಯಿತು, ಆ ಖಾಲಿಯಲ್ಲಿ ಯಾರೋ ಕೂತಂತೆ, ಮೊದಲಿನಿಂದಲೂ ಸದ್ದಿಲ್ಲದೆ ಕೂತೇ ಇದ್ದಂತೆ, ಆತ ಯಾ, ನರ್ಸು ಮತ್ತೆ ಕರೆದಳು, ಬಂದೆನ್ರಿ, ಕಾಲು ತಾವೇ ನಡೆದವು, ತಣ್ಣನೆಯ ಮೇಜು, ಮೇಲೆ ದೀಪ, ಮಂಪರಿನ ಸೂಜಿ, ಅಂಜಿಕೆ ಇಲ್ಲ, ಖರೇ ಇಲ್ಲ, ಆದರೆ ಹೊರಗೆ ಯಾರೋ ಬಂದಿರಬೇಕು, ಜಾಗಾ ಹಿಡದೈತಿ ಅಂದುಕೊಂಡು ನಿಂತೇ ಇರಬೇಕು, ಕುರ್ಚಿಯ ಮೇಲೆ ಟವೆಲು, ಕೆಂಪು ಅಂಚು ಎದ್ದು, ಬಿದ್ದು, ಟವೆಲು