ಬೂದಿ ಪಟ್ಟಿಯ ಜಾಕೆಟ್ಟು

ಜರಿ ನೋಡುವುದನ್ನು ಮೇಘನಳಿಗೆ ಕಲಿಸಿದವಳು ಅಜ್ಜಿ ಅಕ್ಕಯ್ಯಮ್ಮ. ದೊಡ್ಡಬಳ್ಳಾಪುರದ ಅವರ ಮನೆಯಲ್ಲಿ ಮಗ್ಗದಿಂದ ಸೀರೆ ಇಳಿದರೆ ಸಾಕು, ಅಜ್ಜಿ ಅದರ ಸೆರಗು ಹಿಡಿದು ಹೊಸಿಲಿಗೆ ಬರುವಳು. ಓರೆ ಬಿಸಿಲಿಗೆ ಒಡ್ಡಿ, ಹೆಬ್ಬೆರಳಲ್ಲಿ ಒಮ್ಮೆ ಉಜ್ಜಿ, ಕತ್ತು ವಾಲಿಸಿ ನೋಡುವಳು. "ಬೆಳಕು ಕಂಡ್ರೆ ನಗ್ಬೇಕು ಕಣೆ ಜರಿ. ಮುಖ ಗಂಟಾಕ್ಕೊಂಡಿದ್ರೆ ಅದು ಕಲಬೆರಕೆ" ಎನ್ನುವಳು. ಅಜ್ಜಿಯ ಕಣ್ಣು ಎಂದೂ ತಪ್ಪಿದ್ದಿಲ್ಲ. ಮೊಮ್ಮಗಳ ಕಣ್ಣೂ ತಪ್ಪುವುದಿಲ್ಲವೆಂದು ಮನೆಯಲ್ಲೆಲ್ಲ ಹೆಸರಾಗಿತ್ತು.

ಕಣ್ಣು ಸರಿ, ಬಾಯಿಯದೇ ತೊಂದರೆ. ಮಗ್ಗದ ಮನೆಯ ಮಕ್ಕಳು ಮಗ್ಗದ ಸದ್ದನ್ನು ಮೀರಿ ಕೂಗಿ ಮಾತಾಡುವುದನ್ನು ಕಲಿಯುತ್ತಾರೆ. ಮೇಘನ ಮಾತನ್ನೇ ಬಿಟ್ಟಳು. ಕಾಲೇಜಿನಲ್ಲಿ ಹಾಜರಿ ಕೂಗುವಾಗಲೂ ಅವಳ ದನಿ ಹಿಂದಿನ ಬೆಂಚು ದಾಟುತ್ತಿರಲಿಲ್ಲ. ಬಿ.ಕಾಂ. ಮುಗಿದ ಮೇಲೆ ಅರಿಶಿನಕುಂಟೆಯಲ್ಲಿ ಹೆದ್ದಾರಿ ಗುಡಿಸಿ ದುರಸ್ತಿ ನೋಡಿಕೊಳ್ಳುವ ಗುತ್ತಿಗೆದಾರರ ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ಪೊರಕೆ, ಬಾಂಡ್ಲಿ, ಕೈಗವಸು, ರಸ್ತೆಗಿಡುವ ಕೆಂಪು ಕೋನುಗಳು, ಇವುಗಳ ಸ್ಟೋರು ಅವಳ ಪಾಲಿಗೆ ಬಂತು. ಪೊರಕೆಗಳು ಮಾತಾಡಿಸುವುದಿಲ್ಲವಾದ್ದರಿಂದ ಅವಳಿಗೆ ಹಿತವಾಗಿತ್ತು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಸೂಪರ್‌ವೈಸರ್ ಕಾಂತರಾಜು ಅವಳನ್ನು ಆಫೀಸಿಗೆ ಕರೆದ. ಮೇಜಿನ ಮೇಲೆ ಎರಡು ಕಿತ್ತಳೆ ಬಣ್ಣದ ಜಾಕೆಟ್ಟುಗಳಿದ್ದವು. ರಸ್ತೆ ಗುಡಿಸುವ ಹೆಂಗಸರಿಗೆ ಹೊಸದು ಕೊಡಬೇಕಿತ್ತು. ಎರಡಕ್ಕೂ ಎದೆಯ ಮೇಲೆ, ಬೆನ್ನ ಮೇಲೆ ಅಡ್ಡಪಟ್ಟಿ. ಒಂದರ ಪಟ್ಟಿ ಬೆಳ್ಳಿಯ ಹಾಗೆ ಥಳಥಳ. ಇನ್ನೊಂದರದು ಒಲೆಯ ಬೂದಿಯ ಬಣ್ಣ.

"ಏನಮ್ಮಾ ಮೇಘನ, ನೀನು ಮಗ್ಗದ ಮನೆ ಹುಡ್ಗಿ. ಬಟ್ಟೆ ವಿಷ್ಯ ನಿಂಗ್ ಬಿಟ್ಟು ಇನ್ಯಾರಿಗ್ ಗೊತ್ತಾಗ್ತದೆ? ಯಾವ್ದು ಅಂತ ನೀನೇ ಹೇಳ್ಬಿಡು" ಎಂದ ಕಾಂತರಾಜು.

ಮಾದರಿ ತಂದಿದ್ದ ವಸಂತ್ ಎಂಬ ಮಾರಾಟದವನು, "ಟ್ಯೂಬ್‌ಲೈಟ್ ಆರಿಸಿ, ಬಾಗ್ಲು ಮುಚ್ಚಿ, ಮೊಬೈಲ್ ಟಾರ್ಚ್ ಬಿಟ್ಟು ನೋಡಿ ಮೇಡಂ. ಟಾರ್ಚ್‌ನ ಹಣೆ ಹತ್ರ ಹಿಡ್ಕೋಬೇಕು" ಎಂದ. ಗಂಡಸರೇ ತುಂಬಿದ ಕೋಣೆಯಲ್ಲಿ ಬಾಗಿಲು ಮುಚ್ಚಿ ದೀಪ ಆರಿಸಿ ಎಂದು ಹೇಳುವುದು ಹೇಗೆ? ಮೇಘನ ಕೇಳಿಸಲಿಲ್ಲವೇನೋ ಎಂಬಂತೆ ಎರಡನ್ನೂ ಎತ್ತಿಕೊಂಡು ಬಾಗಿಲಿಗೆ ಬಂದಳು. ಓರೆ ಬಿಸಿಲಿಗೆ ಒಡ್ಡಿದಳು. ಹೆಬ್ಬೆರಳಲ್ಲಿ ಉಜ್ಜಿದಳು. ಕತ್ತು ವಾಲಿಸಿದಳು. ಬೆಳ್ಳಿಪಟ್ಟಿ ನಕ್ಕಿತು. ಬೂದಿಪಟ್ಟಿ ಮುಖ ಗಂಟಿಕ್ಕಿಕೊಂಡಿತ್ತು.

ಬೆಳ್ಳಿಪಟ್ಟಿಯದನ್ನು ಮೇಜಿನ ಮೇಲಿಟ್ಟು "ಇದು" ಎಂದಳು.

ಅಂದು ಬಸ್ಸಿನಲ್ಲಿ ಮನೆಗೆ ಹೋಗುವಾಗ ಕಿಟಕಿಯ ಗಾಜಿನಲ್ಲಿ ಕಂಡ ತನ್ನ ಮುಖವನ್ನು ನೋಡಿ ಅವಳು ಸುಮ್ಮನೆ ನಕ್ಕಳು. ಯಾರೋ ಅವಳನ್ನು ಒಂದು ಮಾತು ಕೇಳಿದ್ದರು. ಅವಳು ಹೇಳಿದ್ದೇ ನಡೆದಿತ್ತು.

ಜಾಕೆಟ್ಟು ಹಂಚಿದ ದಿನ ಶೆಡ್ಡಿನಲ್ಲಿ ಮದುವೆ ಮನೆಯ ಗಲಾಟೆ. ಗುಂಪಿನ ಮುಂದಾಳು ಮುತ್ತಮ್ಮ ಸೀರೆಯ ಮೇಲೆ ತೊಟ್ಟ ಗಂಡನ ಹಳೇ ಅಂಗಿ, ಅದರ ಮೇಲೆ ಹೊಸ ಜಾಕೆಟ್ಟು ಏರಿಸಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನೋಡ್ರೇ, ಎರಡ್ನೇ ಮದ್ವೆಗೆ ರೆಡಿಯಾಗಿವ್ನಿ!"

"ಗಂಡು ಯಾರಕ್ಕ, ಲಾರಿ ಡ್ರೈವರ್ರಾ?"

"ಲಾರಿನೇ ಕಟ್ಕಂಡ್ರಾಯ್ತು ಬಿಡು. ಕುಡಿಯಾಕಿಲ್ಲ, ಹೊಡಿಯಾಕಿಲ್ಲ."

ಕೊನೆಗೆ ಒಂದು ಜಾಕೆಟ್ಟು ಕಡಿಮೆ ಬಿತ್ತು. ಕಡೆಯಲ್ಲಿ ಬಂದ ನರಸಮ್ಮನಿಗೆ ಬೇಡವೆಂದು ಮೂಲೆಗಿಟ್ಟಿದ್ದ ಬೂದಿಪಟ್ಟಿಯ ಮಾದರಿಯನ್ನೇ ಕೊಟ್ಟರು. "ನರಸಿಗೆ ಒಲೆ ಬೂದಿ ಬಳ್ದವ್ರೆ" ಎಂದು ಎಲ್ಲರೂ ಗೊಳ್ಳನೆ ನಕ್ಕರು. ನರಸಮ್ಮ ಒಬ್ಬೊಬ್ಬರನ್ನೂ ಬದಲಾಯಿಸಿಕೊಳ್ಳಿ ಎಂದು ಬೇಡಿದಳು. ಯಾರೂ ಒಪ್ಪಲಿಲ್ಲ. ಮುನಿಸಿಕೊಂಡ ಅವಳು ಮಾರನೆಯ ದಿನದಿಂದ ಗುಂಪು ಬಿಟ್ಟು ಎಲ್ಲರಿಗಿಂತ ಮುಂದೆ, ಒಬ್ಬಳೇ ಗುಡಿಸತೊಡಗಿದಳು.

ಆಮೇಲೆ ಮಂಜಿನ ಕಾಲ ಬಂತು.

ಆ ಬೆಳಿಗ್ಗೆ ನೆಲಮಂಗಲದಲ್ಲಿ ಬಸ್ಸು ಬದಲಾಯಿಸಿ ಹತ್ತಿದಾಗ ಮೇಘನಳಿಗೆ ಡ್ರೈವರನ ಹಿಂದಿನ ಸೀಟೇ ಸಿಕ್ಕಿತು. ಹೊರಗೆ ಬೆಳಗೂ ಅಲ್ಲ, ಕತ್ತಲೂ ಅಲ್ಲ. ಹಾಲಿಗೆ ಮಸಿ ಕದಡಿದಂಥ ಮಂಜು. ಹೆಡ್‌ಲೈಟಿನ ಬೆಳಕು ನಾಲ್ಕು ಮಾರು ಹೋಗಿ ಅಲ್ಲೇ ಕರಗಿಹೋಗುತ್ತಿತ್ತು. ಡ್ರೈವರ್ ಮೂಗನ್ನು ಗಾಜಿಗೆ ತಾಗಿಸುವಷ್ಟು ಮುಂದೆ ಬಾಗಿದ್ದ.

"ಅಲ್ಯಾರೋ ಒಬ್ಳು ಗುಡುಸ್ತಾವ್ಳೆ" ಎಂದ ತನ್ನಷ್ಟಕ್ಕೆ.

ಮೇಘನಳಿಗೂ ಕಂಡಿತು. ದೂರದಲ್ಲಿ, ಡಿವೈಡರಿನ ಪಕ್ಕ, ಮಂಜಿನೊಳಗಿಂದ ಎರಡು ಗೆರೆ ಬೆಂಕಿ ಹೊತ್ತಿಕೊಂಡ ಹಾಗೆ ಉರಿಯುತ್ತಿದ್ದವು. ಅಡ್ಡಪಟ್ಟಿಗಳು. ಒಬ್ಬಳೇ ಹೆಂಗಸು. ಉಳಿದವರೆಲ್ಲಿ ಎಂದುಕೊಳ್ಳುವಷ್ಟರಲ್ಲಿ ಡ್ರೈವರ್ "ಅಯ್ಯಯ್ಯಪ್ಪಾ!" ಎಂದು ಕೂಗಿ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದ. ಬಸ್ಸಿನ ಬಲಗಡೆ, ಗಾಜಿಗೆ ಅಂಟಿದಂತೆ ಮುಖಗಳು ಎದ್ದುಬಂದವು. ಮುತ್ತಮ್ಮ. ಅವಳ ಹಿಂದೆ ಇನ್ನೊಬ್ಬಳು. ಇನ್ನೂ ಒಬ್ಬಳು. ಮಣ್ಣಿನ ಬಣ್ಣದ ನೆರಳುಗಳು. ಎದೆಯ ಮೇಲೆ ಬೆಳ್ಳಿಯಿಲ್ಲ, ಮಿನುಗಿಲ್ಲ, ಏನೂ ಇಲ್ಲ. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಿಂದ ಬಸ್ಸು ಅವರನ್ನು ಸವರಿಕೊಂಡು ಹೋಯಿತು.

"ದೂರದಲ್ಲಿ ಒಬ್ಳೇ ಅವ್ಳೆ ಅಂತ ನಾನು! ನೋಡುದ್ರೆ ಇಲ್ಲೊಂದು ಗುಂಪೇ ಐತೆ. ಯಾವನ್ರೀ ಇವ್ರಿಗೆ ಜಾಕೆಟ್ ಕೊಟ್ಟೋನು?" ಎಂದು ಡ್ರೈವರ್ ಬೈದ.

ಮೇಘನಳಿಗೆ ಈಗ ಹೊಳೆಯಿತು. ಆ ಉರಿದ ಗೆರೆಗಳು ಬೂದಿಪಟ್ಟಿಯವು. ನರಸಮ್ಮನವು. ಟಾರ್ಚ್‌ನ ಹಣೆ ಹತ್ರ ಹಿಡ್ಕೋಬೇಕು ಎಂದಿದ್ದ ಮಾದರಿ ತಂದಿದ್ದ ವಸಂತ್. ಬೆಳಕು ಹಿಡಿದವನ ಕಣ್ಣಿಗೇ ಬೆಳಕನ್ನು ತಿರುಗಿ ಕೊಡಬೇಕಾದ ಪಟ್ಟಿ ಅದು. ಅದು ಜರಿಯಲ್ಲ. ಹೊಸಿಲಲ್ಲಿ ನಿಂತು ನೋಡುವುದಲ್ಲ.

ನಿಲ್ಲಿಸಿ ಎನ್ನಬೇಕು. ಬಾಯಿ ತೆರೆದಳು. ದನಿ ಬರಲಿಲ್ಲ. ಬಸ್ಸು ಮುಂದೆ ಹೋಗುತ್ತಲೇ ಇತ್ತು.

ಅರಿಶಿನಕುಂಟೆಯಲ್ಲಿ ಇಳಿದವಳೇ ಕಾಂತರಾಜುವಿಗೆ ಫೋನು ಮಾಡಿ, ಮಂಜಿನಲ್ಲಿ ಗುಡಿಸುವವರು ಕಾಣುತ್ತಿಲ್ಲವೆಂದಳು. ಅವನು ನಿದ್ದೆಗಣ್ಣಿನಲ್ಲೇ, "ಮಂಜು ಏನ್ ಹೊಸದಾಗಿ ಬಿದ್ದಿದ್ಯೇನಮ್ಮ? ಬಿಸ್ಲು ಬಂದ್ರೆ ಸರಿಹೋಗ್ತದೆ. ಚೆನ್ನಾಗ್ ಹೊಳೀತದೆ ಅಂತ ನೀನೇ ಅಲ್ವಾ ಆರ್ಸಿದ್ದು?" ಎಂದು ಇಟ್ಟುಬಿಟ್ಟ.

ನೀನೇ ಅಲ್ವಾ. ಆ ಮಾತು ಅವಳ ಕಿವಿಯಲ್ಲೇ ಉಳಿಯಿತು. ಅವಳು ರಸ್ತೆಯಂಚಿನ ಮಣ್ಣಿನಲ್ಲಿ, ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯತೊಡಗಿದಳು. ತೊಟ್ಟಿದ್ದು ಕಡುನೀಲಿ ಚೂಡಿದಾರ. ಎದುರಿಂದ ಬರುವ ಲಾರಿಗಳು ಮೊದಲು ಸದ್ದಾಗಿ, ಆಮೇಲೆ ಮಂದ ಬೆಳಕಾಗಿ, ಕೊನೆಗೆ ಮೈಮೇಲೆ ಬೀಳುವ ಗಾಳಿಯಾಗಿ ದಾಟುತ್ತಿದ್ದವು. ಪ್ರತಿ ಸದ್ದಿಗೂ ಅವಳು ಉಸಿರು ಹಿಡಿದು ನಿಂತಳು. ಬ್ರೇಕಿನ ಕಿರುಚು ಕೇಳಿಸುತ್ತದೆಯೋ, ಅದಾದ ಮೇಲೆ ಇನ್ನೇನಾದರೂ ಕೇಳಿಸುತ್ತದೆಯೋ ಎಂದು ಕಿವಿಗೊಟ್ಟಳು. ಏನೂ ಕೇಳಿಸದಿದ್ದಾಗ ಹೆದರಿಕೆ ಇನ್ನೂ ಹೆಚ್ಚಾಯಿತು. ನಿನ್ನೆ ಮುತ್ತಮ್ಮ ತನ್ನ ಡಬ್ಬಿಯ ಮುದ್ದೆಯಲ್ಲಿ ಅರ್ಧ ಮುರಿದು, "ತಿನ್ನವ್ವ, ಗಾಳಿ ಬಂದ್ರೆ ಹಾರೋಗ್ತೀಯ" ಎಂದು ಬಲವಂತ ಮಾಡಿದ್ದು ನೆನಪಾಯಿತು.

ಕೊನೆಗೆ ರಸ್ತೆಯ ಆಚೆ ಮಗ್ಗುಲಲ್ಲಿ ಪೊರಕೆಯ ಬರಬರ ಕೇಳಿಸಿತು.

"ಮುತ್ತಮ್ಮಾ" ಎಂದಳು. ಲಾರಿಯೊಂದು ಆ ಹೆಸರನ್ನು ನುಂಗಿಕೊಂಡು ಹೋಯಿತು. ಇನ್ನೊಮ್ಮೆ ಕರೆದಳು. ಪೊರಕೆ ನಿಲ್ಲಲಿಲ್ಲ. ಆಗ ಅವಳ ಎದೆಯ ತಳದಿಂದ, ಅವಳಮ್ಮ ಎಲ್ಲ ಮಗ್ಗಗಳ ಸದ್ದನ್ನೂ ಸೀಳಿ ಹಿತ್ತಿಲಿನವರನ್ನು ಊಟಕ್ಕೆ ಕರೆಯುವ ಕೂಗು, ಯಾರದೋ ದನಿಯ ಹಾಗೆ ಎದ್ದುಬಂತು.

"ಮುತ್ತಮ್ಮೋ! ಮೇಲಕ್ಕೆ ಹತ್ತೀ! ಡಿವೈಡರ್ ಮೇಲಕ್ಕೆ ಹತ್ತೀ!"

ಪೊರಕೆ ನಿಂತಿತು. ರಸ್ತೆಯ ಮೇಲೆ ಒಂದು ಗಳಿಗೆ ಸದ್ದಿಲ್ಲದಾಗ ಮೇಘನ ಕಣ್ಣು ಮುಚ್ಚಿಕೊಂಡವಳಂತೆ ಓಡಿ ದಾಟಿದಳು.

"ಯಾರು? ಸ್ಟೋರ್ ಹುಡ್ಗಿಯಾ? ಇವ್ಳಿಗೆ ಗಂಟ್ಲು ಐತಾ!" ಎಂದಳು ಒಬ್ಬಳು. ಎಲ್ಲರೂ ನಕ್ಕರು. ಹೆದರಿಕೆಯಲ್ಲಿ ಮೇಘನಳಿಗೆ ವಿವರಿಸಲು ಬರಲಿಲ್ಲ. "ಕಾಣಲ್ಲ. ನೀವು ಕಾಣಲ್ಲ" ಎಂದಷ್ಟೇ ಅಂದಳು.

"ಹೊಳೀತಾವಲ್ಲವ್ವಾ, ಬೆಳ್ಳಿ ಹಂಗೆ" ಎಂದು ಮುತ್ತಮ್ಮ ತನ್ನ ಎದೆ ಸವರಿಕೊಂಡಳು.

ಮೇಘನ ಮೊಬೈಲಿನ ಟಾರ್ಚು ಹೊತ್ತಿಸಿದಳು. ಮುತ್ತಮ್ಮನ ಕೈಹಿಡಿದು ಡಿವೈಡರಿನ ಮೇಲೆ, ಕಣಗಿಲೆ ಗಿಡಗಳ ನಡುವೆ ಒಂದಿಷ್ಟು ದೂರ ಹಿಂದಕ್ಕೆ ಕರೆದುಕೊಂಡು ಹೋಗಿ ಫೋನನ್ನು ಅವಳ ಹಣೆಗೆ ಆನಿಸಿ ಹಿಡಿದಳು. "ಈಗ ನೋಡಿ. ನೀವೇ ಲಾರಿ ಡ್ರೈವರ್ ಅಂದ್ಕೊಳ್ಳಿ."

ಮುತ್ತಮ್ಮ ನೋಡಿದಳು. ಮಂಜು. ಮಂಜಿನಾಚೆ ಎರಡು ಬೆಂಕಿ ಗೆರೆ.

"ನರಸಿ ಅವ್ಳೆ" ಎಂದಳು. ಆಮೇಲೆ ಕತ್ತು ಅತ್ತಿತ್ತ ಹೊರಳಿಸಿ, "ಮಿಕ್ಕೋರ್ ಎಲ್ಲೋದ್ರು?"

"ಇಲ್ಲೇ ಇದೀವಿ ಕಣಕ್ಕ" ಎಂದು ಮಂಜಿನೊಳಗಿಂದ ದನಿಗಳು ಬಂದವು.

ಮುತ್ತಮ್ಮ ಫೋನನ್ನು ತಾನೇ ಹಿಡಿದುಕೊಂಡಳು, ಹಣೆಯಿಂದ ತೆಗೆಯಲೇ ಇಲ್ಲ. "ಅಂಗಾರೆ ಇಷ್ಟು ದಿನ ನಾವು ರೋಡಲ್ಲಿ ಇರ್ಲೇ ಇಲ್ವಾ?" ಎಂದಳು. ಅವಳ ದನಿಯಲ್ಲಿ ಗೇಲಿಯಿರಲಿಲ್ಲ.

ಒಬ್ಬೊಬ್ಬರಾಗಿ ಬಂದು ಎಲ್ಲರೂ ನೋಡಿದರು. ಆಮೇಲೆ ಯಾರೂ ರಸ್ತೆಗೆ ಇಳಿಯಲಿಲ್ಲ. ಎಲ್ಲರ ಕಣ್ಣೂ, ಕೂಗು ಕೇಳಿ ಹಿಂದಕ್ಕೆ ಬಂದ ನರಸಮ್ಮನ ಎದೆಯ ಮೇಲೆ ನಿಂತವು. ನಿನ್ನೆಯವರೆಗೆ ಬೇಡಿದರೂ ಯಾರೂ ಮುಟ್ಟದ ಜಾಕೆಟ್ಟನ್ನು ನರಸಮ್ಮ ಎರಡು ಕೈಯಲ್ಲೂ ಅವುಚಿಕೊಂಡಳು. "ನಾ ಕೊಡಾಕಿಲ್ಲ. ಬೂದಿ ಅಂತ ನಕ್ಕಿದ್ರಲ್ಲ, ಈಗ್ಯಾಕೆ ನೋಡ್ತೀರಿ?"

ಯಾರೂ ಕೇಳಲಿಲ್ಲ. ಕೇಳುವ ಮುಖ ಯಾರಿಗೂ ಇರಲಿಲ್ಲ. ಆಚೆ ಬದಿಗೆ ದಾಟಿಹೋಗೋಣವೆಂದರೆ ಲಾರಿಗಳು ಒಂದರ ಹಿಂದೊಂದು. ಬಿಸಿಲು ಬರುವ ತನಕ ಗಿಡಗಳ ನಡುವೆಯೇ ಕೂರುವುದೆಂದು ಮುತ್ತಮ್ಮ ಹೇಳಿದಳು. ಸ್ವಲ್ಪ ಹೊತ್ತಾದ ಮೇಲೆ ನರಸಮ್ಮನೇ ಎದ್ದಳು. ಗೊಣಗುತ್ತ ಜಾಕೆಟ್ಟು ಬಿಚ್ಚಿದಳು. "ಹಿಂದ್ಗಡೆ ನಾವಿಟ್ಟಿರೋ ಕೋನಿಗೆ ಹಾಕಿಡಾನ. ಬರೋರಿಗೆ ಮೊದ್ಲೇ ಕಂಡ್ರೆ ಅತ್ಲಾಗಾದ್ರೂ ಸರೀತಾರೆ." ಡಿವೈಡರಿನ ಮೇಲೇ ನಡೆದುಹೋಗಿ, ಬಗ್ಗಿ, ರಸ್ತೆಯಂಚಿನ ಕೋನಿಗೆ ಅದನ್ನು ತೊಡಿಸಿ ಬಂದಳು.

ಆಮೇಲೆ ಕಾಯುವುದು. ಲಾರಿ ಬರುವ ಸದ್ದಾಗುವುದು, ಜಾಕೆಟ್ಟಿನಾಚೆ ಮಂಜು ಬೆಳ್ಳಗಾಗುವುದು, ಲಾರಿ ಅತ್ತ ಸರಿಯುವುದು. ಸರಿದಾಗಲೆಲ್ಲ ಯಾರೋ ಒಬ್ಬರು "ಕಂಡ್ತು" ಎನ್ನುವರು. ಮೇಘನಳ ಉಸಿರು ನಿಧಾನವಾಗಿ ಹದಕ್ಕೆ ಬಂತು. ಎಲ್ಲರಿಗೂ ಇಂಥದ್ದನ್ನೇ ತರಿಸಿದರೆ ಆಯಿತು, ಮುಗಿಯಿತು ಎಂದುಕೊಂಡಳು.

ಆಗ ಇನ್ನೊಂದು ಸದ್ದು ಬಂತು. ಭಾರದ ಸದ್ದು. ಎಲ್ಲರೂ ಜಾಕೆಟ್ಟಿನ ಕಡೆ ನೋಡಿದರು. ಅದರಾಚೆ ಮಂಜು ಬೆಳ್ಳಗಾಗಲಿಲ್ಲ. ಸದ್ದು ಹತ್ತಿರವಾಯಿತು. ಮಂಜು ಬೂದಿಯಾಗಿಯೇ ಇತ್ತು.

"ಲೈಟೇ ಇಲ್ಲ ಅದ್ಕೆ!" ಎಂದು ಮೇಘನ ಕಿರುಚಿದಳು. "ಮಲಗ್ರೀ!"

ಜಲ್ಲಿ ತುಂಬಿದ ಟಿಪ್ಪರೊಂದು ಮಂಜನ್ನು ಹರಿದುಕೊಂಡು ಬಂದು ಡಿವೈಡರಿನ ಅಂಚಿಗೇ ಉಜ್ಜಿಕೊಂಡು ಹಾದುಹೋಯಿತು. ಕಲ್ಲಿಗೆ ಕಬ್ಬಿಣ ತಿಕ್ಕಿದ ಸದ್ದು, ತಗಡು ಮುದುಡಿದ ಸದ್ದು, ಮುಖಕ್ಕೆ ರಾಚಿದ ಪುಡಿಜಲ್ಲಿ. ತಲೆಯೆತ್ತುವಷ್ಟರಲ್ಲಿ ಅದು ಹೋಗಿಯಾಗಿತ್ತು. ಅದು ನಿಲ್ಲಲೂ ಇಲ್ಲ.

ಕೋನು ಇರಲಿಲ್ಲ. ಜಾಕೆಟ್ಟೂ ಇರಲಿಲ್ಲ. ಟಿಪ್ಪರ್ ಅದನ್ನು ಎಳೆದುಕೊಂಡೇ ಹೋಗಿತ್ತು. ಅವರು ಗುಡಿಸುತ್ತಿದ್ದ ಜಾಗದಲ್ಲಿ ಬಿಟ್ಟಿದ್ದ ಬಾಂಡ್ಲಿ ಲಟ್ಟಿಸಿದ ರೊಟ್ಟಿಯಂತೆ ಟಾರಿಗೆ ಅಂಟಿಕೊಂಡಿತ್ತು.

ನರಸಮ್ಮ ಬರಿದಾದ ತನ್ನ ಎದೆಯ ಮೇಲೆ ಕೈಯಾಡಿಸಿಕೊಂಡಳು. "ಅದು ನನ್ ಮೈಮೇಲಿತ್ತಲ್ಲೇ" ಎಂದಳು. "ಈಗಿನ್ನೂ ನನ್ ಮೈಮೇಲೇ ಇತ್ತಲ್ಲೇ." ಮುತ್ತಮ್ಮ ಅವಳನ್ನು ಎಳೆದು ಮಗ್ಗುಲಲ್ಲಿ ಕೂರಿಸಿಕೊಂಡಳು.

ಫೋನು ಹೊಡೆದುಕೊಂಡಿತು. ಕಾಂತರಾಜು. "ಎಲ್ಲಿದೀಯಮ್ಮ ನೀನು? ಶೆಡ್ ಬಾಗ್ಲು ಇನ್ನೂ ತೆಗ್ದಿಲ್ವಂತೆ? ಅವ್ರು ಎಷ್ಟ್ ದೂರ ಗುಡ್ಸಿದ್ರು?"

"ಗುಡ್ಸ್ತಿಲ್ಲ ಸರ್. ನಾನೇ ನಿಲ್ಸಿದೀನಿ."

"ನಿಲ್ಸೋಕೆ ನೀನ್ಯಾರಮ್ಮ?"

"ಜಾಕೆಟ್ ಆರಿಸಿದೋಳು ಸರ್. ನಾನ್ ಆರಿಸಿದ್ದು ಯಾವ್ದೂ ಕಾಣ್ಸಲ್ಲ. ಕಾಣ್ಸೋದಿತ್ತಲ್ಲ ಒಂದು, ಅದನ್ನ ಈಗ ಲೈಟಿಲ್ಲದ ಟಿಪ್ಪರ್ ಎಳ್ಕೊಂಡ್ ಹೋಯ್ತು. ಎಲ್ರಿಗೂ ಅಂಥದ್ದೇ ತಂದ್ರೂ ಸಾಲ್ದು. ಮಂಜು ಇರೋವಾಗ ಇನ್ಮೇಲೆ ಇವರು ರೋಡಿಗೆ ಇಳಿಯಲ್ಲ."

"ಕಿರುಚ್ಬೇಡ, ನಂಗೆ ಕೇಳಿಸ್ತದೆ."

ತಾನು ಕಿರುಚುತ್ತಿದ್ದೇನೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅವಳು ಏನೋ ಹೇಳಲು ಹೊರಟಳು. ಅಷ್ಟರಲ್ಲಿ ದೂರದಲ್ಲಿ ಮತ್ತೊಂದು ಸದ್ದು ಎದ್ದಿತು. ಅದಕ್ಕೆ ಬೆಳಕಿದೆಯೋ ಇಲ್ಲವೋ ತಿಳಿಯುವ ಮೊದಲೇ ಎಲ್ಲರೂ ಕಾಲುಗಳನ್ನು ಗಿಡಗಳೊಳಕ್ಕೆ ಎಳೆದುಕೊಂಡರು.