ಸೀಟಿನ ಕೆಳಗಿನ ಕುಂಕುಮ

ಕಾಳಪ್ಪ ಕಂಚಗಾರನಿಗೆ ಅಂಗಡಿ ಇರಲಿಲ್ಲ. ಅದಕ್ಕೇ ನನ್ನನ್ನು ಕೊಂಡ.

ನಾನು ಒಂದು ಸಣ್ಣ ಗೂಡ್ಸ್ ಗಾಡಿ. ನಾಲ್ಕು ಗಾಲಿ, ಎರಡು ಸಿಲಿಂಡರ್. ನನ್ನ ಜಾತಿಯ ಗಾಡಿಗಳಿಗೆ ಎಂಜಿನ್ ಇರುವುದು ಡ್ರೈವರ್ ಸೀಟಿನ ಕೆಳಗೆ. ಹಾಗಾಗಿ ಮಾಲೀಕರ ಮುಖ ನನಗೆ ಅಷ್ಟಾಗಿ ಗೊತ್ತಾಗುವುದಿಲ್ಲ, ಭಾರ ಗೊತ್ತಾಗುತ್ತದೆ. ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದವರು ಬೋಲ್ಟ್ ಬಿಗಿದು ಮುಂದಕ್ಕೆ ತಳ್ಳಿದರು, ಅಷ್ಟೇ. ಮೊದಲ ಮಾಲೀಕ ಸೋಡಾ ಏಜೆನ್ಸಿಯವನು, ದಪ್ಪ ಆಸಾಮಿ. ಸೀಟಿನ ಸ್ಪ್ರಿಂಗ್ ಮುರಿಯುವವರೆಗೆ ದುಡಿಸಿಕೊಂಡು ಮಾರಿದ.

ಕಾಳಪ್ಪ ಹಗುರ. ಗಜೇಂದ್ರಗಡದಿಂದ ಬೆಳಿಗ್ಗೆ ಹೊರಟರೆ ಒಂದು ದಿನ ನರೇಗಲ್ಲು, ಒಂದು ದಿನ ರೋಣ. ವಾರಕ್ಕೆ ಆರು ಸಂತೆ. ಹಿಂದೆ ಕೊಡ, ಬೋಗುಣಿ, ಪಾತೇಲಿಗಳು ದಾರಿಯುದ್ದಕ್ಕೂ ಗದ್ದಲ ಎಬ್ಬಿಸುತ್ತಿದ್ದವು. ಪಕ್ಕದ ಸೀಟಿನಲ್ಲಿ ಹೆಂಡತಿ ಸಾವಂತ್ರವ್ವ. ನಿಜವಾದ ವ್ಯಾಪಾರ ಅವಳದ್ದೇ. "ಅಕ್ಕಾರ, ಬಾರಿಸಿ ನೋಡ್ರಿ, ಗುಡಿ ಗಂಟಿ ಆದಂಗ ಆಗತೈತಿ!" ಎಂದು ಕೂಗಿದರೆ ದಾಟಿ ಹೋದ ಹೆಂಗಸರೂ ತಿರುಗಿ ಬರುತ್ತಿದ್ದರು.

ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆಯ ದಿನ ಎಲ್ಲರೂ ತಮ್ಮ ಗಾಡಿಯ ಮೂತಿಗೆ ಹೂವು ಹಾಕಿ ಮುಗಿಸುತ್ತಿದ್ದರು. ಕಾಳಪ್ಪ ಮಾತ್ರ ಸೀಟು ಎತ್ತಿ ನನ್ನ ಎಂಜಿನ್ನಿಗೇ ವಿಭೂತಿ ಬಳಿದು ಕುಂಕುಮ ಇಡುತ್ತಿದ್ದ. "ದುಡಿಯೂದು ಇದು. ಮೂತಿಗೆ ಪೂಜಿ ಮಾಡಿದ್ರ ಇದಕ್ಕ ಮುಟ್ಟತೈತೇನು?" ಎನ್ನುತ್ತಿದ್ದ.

ನನಗೆ ವಯಸ್ಸಾಯಿತು. ನಾನು ಎಣ್ಣೆ ಕುಡಿದು ಹೊಗೆ ಉಗುಳತೊಡಗಿದೆ. ಸಾವಂತ್ರವ್ವ ಕಿವಿಯ ಬೆಂಡೋಲೆ ಬಿಚ್ಚಿ ಮಾರಲು ಕೊಟ್ಟಳು. ಕಾಳಪ್ಪ ತಾನೇ ಎರಡು ಹೊಸ ಪಿಸ್ಟನ್ ತಂದು ಮೆಕ್ಯಾನಿಕ್ ಪರಸುವಿನ ಕೈಗಿಟ್ಟ.

"ಕಾಕಾ, ನೀ ಮನ್ಯಾಗ ಆರಾಮ ಮಲ್ಕೋ ಹೋಗು. ಮದುಮಗಳ ಹಂಗ ಮಾಡಿ ಕೊಡ್ತೀನಿ," ಎಂದ ಪರಸು.

ಗ್ಯಾರೇಜಿನಲ್ಲಿ ನನ್ನ ಪಕ್ಕ ನೀರು ಮಾರುವ ಶಂಕ್ರಯ್ಯನ ಗಾಡಿ ನಿಂತಿತ್ತು. ನನ್ನದೇ ಕಂಪನಿ, ನನ್ನದೇ ಮಾಡೆಲ್. ಪರಸು ನನ್ನ ಹೊಸ ಪಿಸ್ಟನ್‌ಗಳನ್ನು ಅದಕ್ಕೆ ಹಾಕಿ ಶಂಕ್ರಯ್ಯನಿಂದ ದುಡ್ಡು ತೆಗೆದುಕೊಂಡ. ಅದರ ಸವೆದ ಪಿಸ್ಟನ್‌ಗಳನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ನನ್ನ ಹೊಟ್ಟೆಗೆ ತುರುಕಿದ. ಆಮೇಲೆ ಗಾಲಿಗೆ ನಿಂಬೆಹಣ್ಣು ಇಟ್ಟು, ಮುಂದೆ ತೆಂಗಿನಕಾಯಿಯನ್ನೂ ಒಡೆದ. ಕಾಯಿ ಮಾತ್ರ ಹೊಸದು.

ವಾರ ಕಳೆಯುವುದರೊಳಗೆ ನರೇಗಲ್ಲಿನ ದಾರಿಯ ಏರಿನಲ್ಲಿ ಎಂಜಿನ್ ಕಚ್ಚಿಕೊಂಡು ನಿಂತುಬಿಟ್ಟಿತು. ಹಿಂದಕ್ಕೆ ಜಾರಿದ ಹೊಡೆತಕ್ಕೆ ಕೊಡಗಳು ರಸ್ತೆ ತುಂಬ ಉರುಳಿದವು. ಕಾಳಪ್ಪ ನನ್ನನ್ನು ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ ಕೇಳಿದರೆ ಪರಸು ಎಂದ: "ಓವರ್‌ಲೋಡ್ ಹೇರಿದ್ರ ಎತ್ತು ಸುದ್ದಾ ಸಾಯತೈತಿ, ಕಾಕಾ."

"ಪಾತೇಲಿ ಹೇರಿದ್ದೆ, ಪರಸು. ಪಾತೇಲಿ ಒಳಗ ಏನಿರತೈತಿ? ಗಾಳಿ!"

ಮರುದಿನ ಚಹಾದಂಗಡಿಯಲ್ಲಿ ಶಂಕ್ರಯ್ಯ ತನ್ನ ಗಾಡಿಗೆ ಪರಸುವಿನ ಹತ್ತಿರ ಅಗ್ಗದಲ್ಲಿ ಹೊಸ ಪಿಸ್ಟನ್ ಬಿದ್ದ ಸುದ್ದಿಯನ್ನು ಹೆಮ್ಮೆಯಿಂದ ಹೇಳಿಕೊಂಡ. ಕಾಳಪ್ಪ ಚಹಾ ಅರ್ಧಕ್ಕೇ ಬಿಟ್ಟೆದ್ದು ನಾಡಗೌಡ ವಕೀಲರ ಮನೆಗೆ ಹೋದ. ಪರಸುವಿನ ಮೇಲೆ ಗ್ರಾಹಕರ ನ್ಯಾಯಾಲಯದಲ್ಲಿ ಕೇಸು ಬಿತ್ತು.

ಕೋರ್ಟಿನವರು ಬಂದು ಸೀಟಿನ ಸುತ್ತ ದಾರ ಬಿಗಿದು ಅರಗಿನ ಮುದ್ರೆ ಒತ್ತಿದರು. ಪಾಲಿಟೆಕ್ನಿಕ್ಕಿನ ಮೇಷ್ಟ್ರೊಬ್ಬರು ಇಬ್ಬರ ಎದುರಿಗೆ ಎಂಜಿನ್ ಬಿಚ್ಚಿ ನೋಡಬೇಕೆಂದು ಆದೇಶವಾಯಿತು.

"ಅವ್ರು ಬರೂತನಕ ಬೆರಳು ಸುದ್ದಾ ಹಚ್ಚಬ್ಯಾಡ. ಈಗದು ಗಾಡಿ ಅಲ್ಲ, ಸಾಕ್ಷಿ," ಎಂದರು ವಕೀಲರು.

ಮೇಷ್ಟ್ರು ಇಂದು ಬರುತ್ತೇನೆಂದರು, ಪರೀಕ್ಷೆ ಮುಗಿಯಲಿ ಎಂದರು, ರಜೆ ಕಳೆಯಲಿ ಎಂದರು. ನಾನು ಮನೆ ಮುಂದೆ ಬಿಸಿಲಲ್ಲಿ ನಿಂತೆ. ಗಂಡ ಹೆಂಡತಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿ, ಕಂಡಕ್ಟರನ ಬೈಗುಳ ತಿಂದು ಬಸ್ಸಿನಲ್ಲಿ ಹೋಗತೊಡಗಿದರು. ಆರು ಸಂತೆ ಎರಡಕ್ಕೆ ಇಳಿದವು. ದಿನಾ ಬೆಳಿಗ್ಗೆ ಶಂಕ್ರಯ್ಯನ ಗಾಡಿ ನನ್ನ ಮುಂದೆಯೇ ದಾಟುತ್ತಿತ್ತು. ಎಂಥ ಸದ್ದು! ಅದು ನನ್ನದಾಗಬೇಕಿದ್ದ ಸದ್ದು.

ಹೀಗಿರುವಾಗ ಖಂಡೆ ಪೂಜೆ ಬಂತು. ಕಾಳಪ್ಪ ತಕ್ಕಡಿ ತೊಳೆದ, ಸುತ್ತಿಗೆ ತೊಳೆದ. ಎಲ್ಲಕ್ಕೂ ಕುಂಕುಮವಿಟ್ಟು ತಟ್ಟೆ ಹಿಡಿದು ನನ್ನ ಹತ್ತಿರ ಬಂದ.

"ಮೂತಿಗಿ ಹಚ್ಚಿ ಬಿಡ್ರಿ," ಎಂದಳು ಸಾವಂತ್ರವ್ವ. "ವಕೀಲ್ರು ಏನ್ ಹೇಳ್ಯಾರ, ನೆನಪೈತಿಲ್ಲೋ?"

"ಊದಿನಕಡ್ಡಿ ಬೆಳಗಾಕ ಕೋರ್ಟಿನ ಅಪ್ಪಣಿ ಬೇಕೇನ?"

"ಬೇಕಂತ. ಆ ಅರಗು ಕಾಣಸೂದಿಲ್ಲೇನು?"

"ಸತ್ತ ಬಿದ್ದೈತಿ ಅಂತ ಈ ವರ್ಷ ಬಿಟ್ಟರ, ದುಡದದ್ದಕ್ಕ ಏನ್ ಬೆಲಿ ಕೊಟ್ಟಂಗಾತು?"

ಅವಳು ಒಳಗೆ ಹೋದಳು. ಅವನು ಚಾಕುವಿನ ತುದಿಯಿಂದ ಅರಗು ಎಬ್ಬಿಸಿ ಸೀಟು ಎತ್ತಿದ. ವಿಭೂತಿ ಬಳಿದ, ಕುಂಕುಮ ಇಟ್ಟ, ಊದಿನಕಡ್ಡಿ ಬೆಳಗಿದ. ಒಂದು ನಟ್ಟನ್ನೂ ಮುಟ್ಟಲಿಲ್ಲ. ಆಮೇಲೆ ಮೇಣದಬತ್ತಿಯಿಂದ ಅರಗಿನ ಅಡಿಯನ್ನಷ್ಟೇ ಕರಗಿಸಿ ಮತ್ತೆ ಅಂಟಿಸಿದ. ಪಾತ್ರೆಗೆ ಬೆಸುಗೆ ಹಾಕುವ ಮನೆತನ, ಕೆಲಸ ಅಚ್ಚುಕಟ್ಟಾಗಿತ್ತು.

ದೀಪಾವಳಿ ಕಳೆದ ಮೇಲೆ ಮೇಷ್ಟ್ರು ಬಂದರು. ಮುದ್ರೆ ಒಡೆದು ಸೀಟು ಎತ್ತಿದರೆ, ಎಂಜಿನ್ನಿನ ನೆತ್ತಿಯ ಮೇಲೆ ಕೆಂಪಗೆ ಕುಂಕುಮ! ಪರಸು ಮೊದಲು ಬೆಪ್ಪಾದ, ಆಮೇಲೆ ನಕ್ಕ. "ನೋಡ್ರಿ ಸರ್, ಕಾಕಾ ಒಳಗ ಕೈ ಹಾಕ್ಯಾನ."

ಮೇಷ್ಟ್ರು ಬಿಚ್ಚಿದರು. ಸವೆದ ಪಿಸ್ಟನ್‌ಗಳು ಹೊರಗೆ ಬಂದವು. ಎಲ್ಲರೂ ನೋಡಿದರು. ಆದರೆ ಅವನ್ನು ಹಾಕಿದವರು ಯಾರು ಎಂಬ ಪ್ರಶ್ನೆಗೆ ಈಗ ಎರಡು ಹೆಸರಿದ್ದವು. ನ್ಯಾಯಾಲಯದಲ್ಲಿ ಶಂಕ್ರಯ್ಯ ತನಗೇನೂ ನೆನಪಿಲ್ಲ ಎಂದ. ಸೀಲು ಬಿಚ್ಚಿದ್ದು ಯಾರು ಎಂದು ನ್ಯಾಯಾಧೀಶರು ಕೇಳಿದಾಗ ಕಾಳಪ್ಪ, "ನಾನೇ ರೀ, ಪೂಜಿ ಮಾಡಾಕ," ಎಂದ.

"ಪೂಜೆಗೆ ಸೀಟು ಎತ್ತಬೇಕೆ?"

"ದುಡಿಯೂದು ಅದೇ ಅಲ್ರೀ."

ಸಾಕ್ಷ್ಯ ಕೆಟ್ಟಿದೆ ಎಂದು ಕೇಸು ವಜಾ ಆಯಿತು. ಪೂಜೆ ಮಾಡಿದವನು ಸುಳ್ಳು ಹೇಳುವುದಿಲ್ಲ ಎಂದು ಯಾವ ಕಾನೂನಿನಲ್ಲೂ ಬರೆದಿಲ್ಲ.

ಈಗ ನಾನು ಗುಜರಿ ಅಂಗಳದಲ್ಲಿದ್ದೇನೆ. ಸೀಟು ಕಿತ್ತಿದ್ದಾರೆ. ಮಳೆ ಬಿದ್ದು ಕುಂಕುಮ ತೊಳೆದುಹೋಯಿತು. ಅಲ್ಲಿ ತುಕ್ಕು ಬಂದಿದೆ, ಬಣ್ಣ ಹೆಚ್ಚು ಕಡಿಮೆ ಅದೇ. ಪರಸುವಿನ ಗ್ಯಾರೇಜು ನಡೆಯುತ್ತಿದೆ. ಅವನೂ ವರ್ಷ ತಪ್ಪದೆ ನಟ್ಟು ಬಿಚ್ಚುವ ಪಾನಾಗಳಿಗೆ ಕುಂಕುಮ ಇಡುತ್ತಾನೆ.

ಹೋದದ್ದು ಇಷ್ಟು: ಎರಡು ಹೊಸ ಪಿಸ್ಟನ್, ಒಂದು ಎಂಜಿನ್, ಒಂದು ಜೊತೆ ಬೆಂಡೋಲೆ, ವಾರಕ್ಕೆ ನಾಲ್ಕು ಸಂತೆ.