ಮೊಂಡು ಬೆರಳಿನ ಗುಳಿ

ಡ್ರೈವರ್ ಫ್ರಿಜ್ಜಿನ ಬಾಗಿಲು ತೆಗೆದ. ಬ್ರೆಡ್ಡಿನ ಹಿಟ್ಟಿದ್ದ ಬೋಗುಣಿ ಇರಲಿಲ್ಲ. ಆ ಜಾಗದಲ್ಲಿ ಯಾರೋ ಹಾಲಿನ ಪ್ಯಾಕೆಟ್ಟುಗಳನ್ನೂ, ನಡುಮನೆಯಲ್ಲಿ ಮಲಗಿಸಿದ್ದ ಅವನ ಹೆಂಡತಿಗೆಂದು ತಂದ ಹೂವನ್ನೂ ತುರುಕಿದ್ದರು.

"ಬೋಗುಣಿ ಎಲ್ಲಿ?"

ಲೋಟ ತೊಳೆಯುತ್ತಿದ್ದ ಮಗಳು ತಿರುಗಲಿಲ್ಲ. "ಜಾಗ ಇರ್ಲಿಲ್ಲ ಅಪ್ಪ, ಕಿಟಕಿ ಹತ್ರ ಇಟ್ಟಿದೀನಿ. ಎಲ್ರೂ ಹೋದ್ಮೇಲೆ ಚೆಲ್ಲಿದ್ರಾಯ್ತು."

ಬೋಗುಣಿ ಬಿಸಿಲಲ್ಲಿತ್ತು. ಬಟ್ಟೆ ಸರಿಸಿದ. ಹಿಟ್ಟು ಅಂಚಿನವರೆಗೆ ಉಬ್ಬಿತ್ತು, ನಟ್ಟನಡುವೆ ಒಂದು ಗುಳಿ. ನಿನ್ನೆ ಬೆಳಿಗ್ಗೆ ಹೆಂಡತಿ ಹದ ಬಂತೇ ಎಂದು ಅಲ್ಲಿ ಬೆರಳೊತ್ತಿ ನೋಡಿ, ಬೋಗುಣಿಯನ್ನು ಫ್ರಿಜ್ಜಿಗಿಟ್ಟು, "ಒಂಚೂರು ಕೂತ್ಕೋತೀನಿ" ಎಂದು ಕುರ್ಚಿಗೆ ಒರಗಿದವಳು ಮತ್ತೆ ಏಳಲಿಲ್ಲ. ಆಗಿನಿಂದ ಅವನು ನೀರು ಕುಡಿಯುವ ನೆಪದಲ್ಲಿ ಹೋಗಿ ಹೋಗಿ ಆ ಗುಳಿಯನ್ನೇ ನೋಡಿ ಬರುತ್ತಿದ್ದ. ತಣ್ಣಗಿದ್ದಷ್ಟು ಹೊತ್ತು ಅದು ಹಾಗೇ ಇತ್ತು. ಈಗ ಅದರ ಬಾಯಿ ಗಾಯ ಕೂಡಿಕೊಳ್ಳುವ ಹಾಗೆ ಮೆಲ್ಲಗೆ ಕೂಡಿಕೊಳ್ಳುತ್ತಿತ್ತು.

ಪಕ್ಕದಲ್ಲಿ ಲೈಬ್ರರಿಯ ಅಡುಗೆ ಪುಸ್ತಕ ತೆರೆದೇ ಬಿದ್ದಿತ್ತು. ಗುಳಿ ಮುಚ್ಚದೆ ನಿಂತರೆ ಹಿಟ್ಟನ್ನು ಗುದ್ದಿ, ಮತ್ತೆ ನಾದಿ, ಆಮೇಲೆ ಬೇಯಿಸಿ ಎಂದಿತ್ತು. ಗುದ್ದಿದರೆ ಅವಳ ಬೆರಳು ಹೋಗುತ್ತದೆ, ಬಿಟ್ಟರೆ ಅದೇ ಮುಚ್ಚಿಹೋಗುತ್ತದೆ. ಅವನು ಎರಡನ್ನೂ ಮಾಡಲಿಲ್ಲ. ಬೋಗುಣಿ ಸಮೇತ ಓವನ್ನಿಗಿಟ್ಟು ಗುಂಡಿ ತಿರುಗಿಸಿಬಿಟ್ಟ.

* * *

ಹೆಂಡತಿ ದುಡಿದದ್ದು ಬಿಸ್ಕತ್ತಿನ ಕಾರ್ಖಾನೆಯಲ್ಲಿ. ಬಿಸ್ಕತ್ತು ಸಾಗಿ ಬರುವ ಬೆಲ್ಟಿನ ಪಕ್ಕ ನಿಂತು ಮುರಿದದ್ದನ್ನು ಆರಿಸುವ ಕೆಲಸ. ಕೂದಲು ಕಪ್ಪಗಿದ್ದಾಗ ಸೇರಿ ನರೆತ ಮೇಲೂ ಅದೇ ಗುಂಡನೆಯ ಬಿಸ್ಕತ್ತು. ನಿದ್ದೆಯಲ್ಲೂ ಅವಳ ಬೆರಳು ಹೊದಿಕೆಯ ಮೇಲೆ ಆರಿಸುತ್ತಿದ್ದವು. ಒಮ್ಮೆ ಮಾಲು ಬೇಗ ಹೊರಡಲೆಂದು, ಕೈ ಸಿಕ್ಕದಂತೆ ಕಾಯುವ ಯಂತ್ರದ ಮುಚ್ಚಳ ತೆಗೆಸಿದ್ದರು. ಬಲಗೈ ತೋರುಬೆರಳಿನ ತುದಿಯನ್ನು ಯಂತ್ರ ನುಂಗಿತು. ಬೆಲ್ಟು ಮಾತ್ರ ಅರ್ಧ ತಾಸಿಗೆಲ್ಲ ಮತ್ತೆ ಓಡಿತು.

ಸೂಪರ್‌ವೈಸರ್ ಬಿಸ್ಕತ್ತಿನ ಡಬ್ಬಿ ಹಿಡಿದು ಮನೆಗೆ ಬಂದ. "ನಂದೇ ಅಜಾಗ್ರತೆ ಅಂತ ಒಂದು ಮಾತು ಅಂದ್ಬಿಡಮ್ಮ, ಕೆಲಸ ಉಳಿಯುತ್ತೆ." ಅವಳು ಹಾಗೇ ಅಂದಳು. ಮಗಳಿನ್ನೂ ಶಾಲೆ ಓದುತ್ತಿದ್ದಳು. ಪಕ್ಕದಲ್ಲೇ ಕೂತಿದ್ದ ಡ್ರೈವರನ ಬಾಯಿಗೂ ಹೊಟ್ಟೆಪಾಡು ಬೀಗ ಜಡಿದಿತ್ತು.

ಗಾಯ ಒಣಗಿದ ಮೇಲೆ ಅವಳು ಲೈಬ್ರರಿಯ ಮೆಟ್ಟಿಲು ಹತ್ತಿದಳು. ಆಮೇಲೆ ರಜೆ ಬಂತೆಂದರೆ ಹೊಸದೊಂದು ಅಡುಗೆ ಪುಸ್ತಕ, ಹೊಸ ಬಗೆಯ ಬ್ರೆಡ್ಡು. ಒಮ್ಮೆ ಮಾಡಿದ್ದನ್ನು ಮತ್ತೆ ಮಾಡಳು. ಒಂದೇ ಆಕಾರ ನೋಡಿ ಕಣ್ಣು ಸವೆದಿದೆ, ರಜೆಯ ದಿನವಾದರೂ ನನ್ನ ಕೈಯಲ್ಲಿ ಬೇರೇನಾದರೂ ಹುಟ್ಟಲಿ ಎನ್ನುತ್ತಿದ್ದಳು. ಹುಟ್ಟಿದ್ದೆಲ್ಲ ಕಲ್ಲೇ. ಇದನ್ನು ಚಕ್ರಕ್ಕೆ ಒಡ್ಡಿದರೆ ಇಳಿಜಾರಲ್ಲೂ ಬಸ್ಸು ಕದಲೋದಿಲ್ಲ ಎಂದು ಡ್ರೈವರ್ ಕಿಚಾಯಿಸುತ್ತ, ಚಹಾದಲ್ಲಿ ಅದ್ದಿ ಅದ್ದಿ ಪೂರ್ತಿ ತಿನ್ನುತ್ತಿದ್ದ. ಪುಸ್ತಕಗಳು ಹಿಟ್ಟಿನ ಹದ ನೋಡಲು ಬೆರಳನ್ನು ಮೊದಲ ಗೆಣ್ಣಿನವರೆಗೆ ಒತ್ತಿ ಎನ್ನುತ್ತಿದ್ದವು. ಅವಳಿಗೆ ಆ ಗೆಣ್ಣೇ ಇರಲಿಲ್ಲ. ಉಳಿದ ಮೊಂಡಿನಿಂದ ಒತ್ತಿದರೆ ಪ್ರತಿಸಲ ಅಂದಾಜು ತಪ್ಪುತ್ತಿತ್ತು. ಎಡಗೈಯಲ್ಲಿ ಒತ್ತು ಎಂದರೆ ಕೇಳುತ್ತಿರಲಿಲ್ಲ.

"ಬರೆದೋರಿಗೆ ನನ್ನ ಬೆರಳು ಗೊತ್ತಿಲ್ಲ. ಗೊತ್ತಾಗೋವರ್ಗೂ ಒತ್ತೋದೇ."

* * *

ಘಮ ನಡುಮನೆಗೆ ಹರಡಿತು. ಹೆಂಡತಿಯ ತಂಗಿ ಸೆರಗಿನಿಂದ ಕಣ್ಣೊರೆಸುತ್ತ ಒಳಗೆ ಬಂದಳು.

"ಭಾವ, ಅವಳು ಅಲ್ಲಿ ಮಲಗಿದಾಳೆ, ನೀವಿಲ್ಲಿ ಬ್ರೆಡ್ಡು ಬೇಯಿಸ್ತಿದೀರಾ? ಬಂದೋರು ಏನಂದ್ಕೋತಾರೆ?"

"ಅಂದ್ಕೊಳ್ಲಿ."

ಅವನು ಓವನ್ನಿನ ಗಾಜಿಗೆ ಮುಖವಿಟ್ಟು ಕುಕ್ಕರುಗಾಲಲ್ಲಿ ಕೂತಿದ್ದ. ಹಿಟ್ಟು ಉಬ್ಬುತ್ತಿತ್ತು. ಉಬ್ಬಿದಂತೆಲ್ಲ ಗುಳಿ ಕಿರಿದಾಗುತ್ತಿತ್ತು. ಸಾಕು, ಅಲ್ಲೇ ನಿಲ್ಲು ಎಂದು ಅವನು ಒಳಗೊಳಗೇ ಅಂಗಲಾಚಿದ. ನಡುಮನೆಯಿಂದ ಹಳೆಯ ದನಿಯೊಂದು ಕೇಳಿಸಿತು. ಸೂಪರ್‌ವೈಸರ್ ಬಂದಿದ್ದ. ಕಾರ್ಖಾನೆ ಒಬ್ಬ ಮನೆಮಗಳನ್ನೇ ಕಳಕೊಂಡಿತು ಎಂದು ಯಾರಿಗೋ ಹೇಳುತ್ತಿದ್ದ.

"ಬಹಳ ಜಾಗ್ರತೆಯ ಹೆಂಗಸು, ಪಾಪ."

ಡ್ರೈವರ್ ಗಾಜಿನಿಂದ ಮುಖ ತೆಗೆದು ಬಾಗಿಲ ಕಡೆ ನೋಡಿದ.

ಬೀದಿಯಲ್ಲಿ ಶವದ ಗಾಡಿಯ ಹಾರನ್ನು. ಒಂದು ಸಲ, ಮತ್ತೊಂದು ಸಲ. ಬಸ್ಸು ಓಡಿಸಿದಷ್ಟು ಕಾಲ ಯಾರನ್ನೂ ಕಾಯಿಸದವನು ಇಂದು ಹೆಂಡತಿಯ ಗಾಡಿಯನ್ನೇ ಕಾಯಿಸಿದ. ಮಗಳು ಬಂದು ಭುಜ ಹಿಡಿದಳು. ಇನ್ನೊಂಚೂರು, ಮೇಲೆ ಕೆಂಪಗಾಗಲಿ ಎಂದ. ಅವಳು ಗಾಜಿನೊಳಗೆ ಬಗ್ಗಿ ನೋಡಿದಳು. ನಡುವಿನ ಗುಳಿ ಕಂಡಿತು. ಬಿಸಿ ಹಿಡಿಯುವ ಬಟ್ಟೆಯನ್ನು ತಂದು ಅವನ ಕೈಗಿಟ್ಟಳು.

ಅವನು ಬೋಗುಣಿ ಹಿಡಿದು ನಡುಮನೆಗೆ ಬಂದಾಗ ಎಲ್ಲರೂ ಎದ್ದು ನಿಂತಿದ್ದರು. ಸೂಪರ್‌ವೈಸರ್ ಮಾತ್ರ ಕುರ್ಚಿಯಲ್ಲಿದ್ದ, ಕಾಲ ಬಳಿ ಬಿಸ್ಕತ್ತಿನ ಡಬ್ಬಿ. ಡ್ರೈವರ್ ಬ್ರೆಡ್ಡನ್ನು ಹೆಂಡತಿಯ ಬಲಮಗ್ಗುಲಿಗೆ ಇಟ್ಟ. ಬಂದವರು ಮೊಂಡು ಬೆರಳನ್ನೇ ನೋಡುತ್ತಾರೆಂದು ಬೆಳಿಗ್ಗೆ ಮಗಳು ತಾಯಿಯ ಬಲಗೈ ಮೇಲೆ ಹೊದಿಕೆ ಎಳೆದಿದ್ದಳು. ಅವನು ಅದನ್ನು ಸರಿಸಿದ.

"ಭಾವ, ಬೇಡ."

"ಕಾಣ್ಲಿ ಬಿಡು."

ಅವಳ ತೋರುಬೆರಳು ನಡುವೆಯೇ ನಿಂತುಹೋಗಿತ್ತು. ಪಕ್ಕದಲ್ಲಿ ಕೆಂಪಗೆ ಬೆಂದ ಬ್ರೆಡ್ಡಿನ ನೆತ್ತಿಯ ಮೇಲೆ, ಅಷ್ಟೇ ಮೊಂಡಾದ ಗುಳಿ. ಅದರಿಂದ ಇನ್ನೂ ಹಬೆ ಏಳುತ್ತಿತ್ತು. ಹೊರಗೆ ಹಾರನ್ನು ಮತ್ತೆ ಕೂಗಿತು. ಯಾರೂ ಕದಲಲಿಲ್ಲ. ಸೂಪರ್‌ವೈಸರನ ಬೂಟು ಮಾತ್ರ ಸದ್ದಾಗದ ಹಾಗೆ ಡಬ್ಬಿಯನ್ನು ಕುರ್ಚಿಯ ಕೆಳಗೆ, ಇನ್ನೂ ಹಿಂದಕ್ಕೆ, ತಳ್ಳುತ್ತಿತ್ತು.